ಜಗಲಿಯ ಕಪಾಟು ಮತ್ತು ಊರಿನ ಗ್ರಂಥಾಲಯ

2020ರ ಮಾರ್ಚ್ 25ರಂದು ಯುಗಾದಿ. ಅಂದೇ ದೇಶವ್ಯಾಪಿ ಲಾಕ್‌ಡೌನ್ ಆರಂಭವಾಯಿತು. ಹಬ್ಬಕ್ಕೆಂದು ಬಂದಿದ್ದ ಮಗನ ಸಂಸಾರ ಹೊನ್ನಾವರ ಸಮೀಪದ ನಮ್ಮ ಮನೆಯಲ್ಲೇ ಉಳಿಯಿತು. ಮೇ ತಿಂಗಳಿಡೀ ಬೆಳಗ್ಗೆ ಜಗಲಿಯಲ್ಲಿ ಓದು, ಸಂಜೆ ಹಿತ್ತಲಿನಾಚೆಯ ನಿರ್ಜನ ಕಡಲತಡಿಯಲ್ಲಿ ನಡಿಗೆ. ನನ್ನ ತಂದೆ ಕೊಂಡಿಟ್ಟಿದ್ದ ಕಾರಂತರ ‘ಬಾಲಪ್ರಪಂಚ’ದ ಧೂಳು ಕೊಡವಿ ಮೊಮ್ಮಗಳು ಓದತೊಡಗಿದಳು.

ಒಂದು ದಿನ ನೆರೆಯ ಮೀನುಗಾರರ ಹುಡುಗಿ ಅಂಗಳದಲ್ಲೇ ನಿಂತು, ‘ಅಜ್ಜಾ, ನಂಗೂ ಒಂದು ಪುಸ್ತಕ ಕೊಡ್ತೀರಾ?’ ಎಂದಳು. ಕೊಟ್ಟೆ. ಅವಳ ಮನೆಯಲ್ಲಿ ಪಠ್ಯದ ಹೊರತು ಪುಸ್ತಕವಿರಲಿಲ್ಲ. ಅವಳ ವಯಸ್ಸಿನವರಿಗೆ, ಅಂದರೆ 1ರಿಂದ 5ನೇ ತರಗತಿಯ ಮಕ್ಕಳಿಗೆ, ರಾಜ್ಯದಲ್ಲಿ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು.

ಒಬ್ಬರು ಓದಿದರೆ ಮತ್ತೊಬ್ಬರ ಪಾಲು ಕಡಿಮೆಯಾಗದ ಸರಕು ಪುಸ್ತಕ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕಲಿತ ಪಾಠವಿದು. ಅದರ ವೆಚ್ಚವನ್ನು ಸಮಾಜವೇ ಹೊರಬೇಕೆಂದು 1965ರ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ವಸೂಲಾಗುತ್ತದೆ. ಆ ಹಣ ಗ್ರಂಥಾಲಯಗಳಿಗೆ ಸಕಾಲಕ್ಕೆ ತಲುಪದಿದ್ದಾಗ ಕಡತದಲ್ಲಿ ‘ಬಾಕಿ’ ಎಂದಷ್ಟೇ ಬರೆದು ಮುಂದಕ್ಕೆ ಕಳುಹಿಸಿದ ಅಧಿಕಾರಿಗಳಲ್ಲಿ ನಾನೂ ಒಬ್ಬ. ಆ ಬಾಕಿಯ ಮುಖವನ್ನು ಅಂದು ಅಂಗಳದಲ್ಲಿ ಕಂಡೆ.

2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳತ್ತ ಮಕ್ಕಳನ್ನು ಕರೆದದ್ದು ಸರಿಯಾದ ಹೆಜ್ಜೆ. ಸಾಂಕ್ರಾಮಿಕ ಸರಿದರೂ ಆ ಕಾಳಜಿ ಸರಿಯಬಾರದು. ವಸೂಲಾದ ಕರ ಪುಸ್ತಕವಾಗಿಯೇ ಮಕ್ಕಳ ಕೈ ಸೇರಬೇಕು. ಕಡಲು ಎಲ್ಲ ಮಕ್ಕಳಿಗೂ ಸೇರಿದ್ದು. ಓದು ಮಾತ್ರ ಅಜ್ಜನ ಕಪಾಟು ಇದ್ದವರಿಗೆ ಮೀಸಲಾಗುವುದು ನ್ಯಾಯವಲ್ಲ.