ವಾಟರ್ ಪಂಪಿನ ಬೋಲ್ಟೂ ಮನೆ ಲೆಕ್ಕಾನೂ

ಅಕ್ಕತಂಗೇರೆ, ಈ ಸಲ ಮಿಡಿ ಉಪ್ಪಿನಕಾಯಿ ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ಮಿಡಿ ಇನ್ನೂ ಉಪ್ಪಲ್ಲೇ ಕೂತದೆ, ವಸಿ ದಿನ ಕೂತಿರ್ಲಿ. ಅಷ್ಟರಲ್ಲಿ ನನ್ನ ತಲೇಲಿ ಕೊರೀತಾ ಇರೋ ಒಂದು ವಿಷಯ ಹೇಳ್ಬುಡ್ತೀನಿ. ಅದು ಲಾರಿ ಎಂಜಿನ್ನಿನ ವಾಟರ್ ಪಂಪಿಗೆ ಹಾಕೋ ಬೋಲ್ಟಿನ ವಿಷಯ. ನಗಬ್ಯಾಡಿ. ನಮ್ಮ ಹನಗೋಡು ಸುತ್ತಮುತ್ತ ಎಷ್ಟು ಮನೇಲಿ ಹಳೇ ಲಾರಿ ಇಲ್ಲ ಹೇಳಿ? ಹೊಗೆಸೊಪ್ಪು, ಶುಂಠಿ, ಸೌದೆ, ಮರಳು, ಜಾನುವಾರು ಮೇವು, ಏನೋ ಒಂದು ಹೊತ್ಕಂಡು ಹುಣಸೂರಿಗೋ ಮೈಸೂರಿಗೋ ಓಡ್ತಿದ್ರೇನೇ ನಮ್ಮ ಒಲೆ ಉರಿಯೋದು.

ಮೊದಲು ನಮ್ಮನೇಲಿ ಆಗಿದ್ದು ಹೇಳ್ತೀನಿ. ಹೋದ ವರ್ಷ ಶುಂಠಿ ಕೀಳೋ ಕಾಲದಲ್ಲಿ ನಮ್ಮ ಲಾರಿ ಪಂಪಿನ ಹತ್ರ ನೀರು ತೊಟ್ಟಿಕ್ತಾ ಇತ್ತು. ನಮ್ಮೆಜಮಾನ್ರು ಒಬ್ಬ ಮೇಸ್ತ್ರಿ ಹತ್ರ ಬಿಚ್ಚಿಸಿದ್ರು. ನಮ್ಮ ಪಂಪಿಗೆ ನಾಲ್ಕು ಬೋಲ್ಟು, ಎರಡು ಉದ್ದ, ಎರಡು ಗಿಡ್ಡ. ಬಿಚ್ಚಿದ್ದನ್ನೆಲ್ಲ ಒಂದು ತಗಡಿನ ಡಬ್ಬಿಗೆ ಹಾಕಿದ್ರು. ಅದ್ರಲ್ಲಿ ಒಂದು ಗಿಡ್ಡದ್ದು ಎಲ್ಲೋ ಕಳೆದೋಯ್ತು. ನಮ್ ಹೈದನ್ನ ಅಂಗಡಿಗೆ ಓಡ್ಸಿದ್ರು. ಅಂಗಡಿಯವ್ರು "ಎಷ್ಟನೇ ನಂಬರ್ ಸ್ಪ್ಯಾನರ್ ಹಿಡೀತದೆ?" ಅಂದ್ರಂತೆ, ಇವನು "13" ಅಂದ. 13ರ ಸ್ಪ್ಯಾನರ್ ಹಿಡಿಯೋ ಬೋಲ್ಟು ಕೊಟ್ರು. 15 ರೂಪಾಯಿ. ಹಾಕಿದ್ರು, ತಿರುಗಿಸಿದ್ರು, ಗಟ್ಟಿಯಾಗಿ ಕೂತ್ಕಂತು. ಲಾರಿ ಲೋಡಿಗೆ ಹೋಯ್ತು.

ಹುಣಸೂರು ದಾಟಿ ಬಿಳಿಕೆರೆ ಹತ್ರ ಹೋಗೋ ಹೊತ್ಗೆ ಪ್ಯಾಕಿಂಗ್ ಬಿಟ್ಕಂಡು ನೀರೆಲ್ಲ ರೋಡಿಗೆ. ಹೀಟ್ ಮೀಟರಿನ ಮುಳ್ಳನ್ನ ನಂಬ್ಕಂಡು ನಮ್ಮೆಜಮಾನ್ರು ಇನ್ನೂ ವಸಿ ದೂರ ಓಡಿಸಿದ್ರು. ನೀರೇ ಇಲ್ದಾಗ ಆ ಮೀಟರು ಬಿಸಿ ಸರಿಯಾಗಿ ತೋರ್ಸಲ್ಲ ಅಂತ ಆಮೇಲೆ ಗೊತ್ತಾಯ್ತು. ಹೆಡ್ಡು ಬೆಂಡಾಯ್ತು. ಶುಂಠಿಯನ್ನ ಬೇರೆ ಲಾರಿಗೆ ಹಾಕಿ ಕಳಿಸಿದ್ದು, ನಮ್ಮ ಲಾರಿ ಎಳ್ಕಂಡು ಬಂದಿದ್ದು, ಹೆಡ್ ಕೆಲ್ಸ, ಆಯಿಲ್ಲು, ಎಲ್ಲಾ ಸೇರಿ 42,000 ರೂಪಾಯಿ. ಅದ್ರ ಮೇಲೆ ಹದಿನಾರು ದಿನ ಬಾಡಿಗೆ ಇಲ್ಲ. ಮಗಳ ಬಿ.ಎಡ್. ಫೀಸಿಗೆ ಅಂತ ಸಂಘದಲ್ಲಿ ಕಟ್ಟಿದ್ದ ದುಡ್ಡೂ ಹೋಯ್ತು, ನನ್ನ ಓಲೇನೂ ಅಡ ಕೂತ್ಕಂತು. 15 ರೂಪಾಯಿ ಬೋಲ್ಟು ಕನವ್ವ ಇಷ್ಟಕ್ಕೆಲ್ಲ ಕಾರಣ.

ಯಾಕೆ ಹಂಗಾಯ್ತು? ಎರಡನೇ ಸಲ ಬಿಚ್ಚಿದ ವಯಸ್ಸಾದ ಮೇಸ್ತ್ರಿಯೊಬ್ರು ನನ್ನನ್ನೇ ಕರೆದು ತೋರಿಸಿದ್ರು. ನಮ್ಮ ಪಂಪಿನ ಆ ತೂತಕ್ಕೆ ತಳ ಇದೆ, ಕುರುಡು ತೂತು. ಹೊಸ ಬೋಲ್ಟು ಬೇಕಾದ್ದಕ್ಕಿಂತ ಒಂದು ಬೆರಳಿನ ಅಗಲ ಉದ್ದ ಇತ್ತು. ಅದು ತಳಕ್ಕೆ ತಾಗಿ ನಿಂತ್ಕಂತು. ತಿರುಗಿಸೋ ಕೈಗೆ ಗಟ್ಟಿಯಾಯ್ತು ಅನ್ನಿಸ್ತು, ಆದ್ರೆ ಅದರ ತಲೆ ಪಂಪನ್ನ ಒತ್ತೇ ಇರಲಿಲ್ಲ. ಅಂಟಿನ ಮೇಲೆ ಅಷ್ಟು ಹೊತ್ತು ತಡೀತು. ಬಿಸಿಯಾಗಿ ಒಳಗೆ ಒತ್ತಡ ಏರಿದ ಕೂಡ್ಲೆ ಕೈಕೊಟ್ತು. ಕುಕ್ಕರ್ ಮುಚ್ಚಳ ಒಂದು ಕಡೆ ಸರಿಯಾಗಿ ಕೂರ್ದಿದ್ರೆ ಮೊದಲು ಸುಮ್ನಿದ್ದು, ಆವಿ ತುಂಬಿದ ಮೇಲೆ ಪಕ್ಕದಲ್ಲಿ ಬುಸ್ ಅನ್ನೋದಿಲ್ವಾ, ಹಂಗೇ.

ಈ ವಾಟರ್ ಪಂಪು, ನಮ್ ಕಡೆ ಮೇಸ್ತ್ರಿಗಳು ವಾಟರ್ ಬಾಡಿ ಅಂತಾನೂ ಅಂತಾರೆ, ಎಂಜಿನ್ನಿನ ಬಿಸಿ ನೀರನ್ನ ರೇಡಿಯೇಟರಿಗೆ ತಳ್ಳಿ, ತಣ್ಣಗಾದ್ದನ್ನ ವಾಪಸ್ ತರೋ ಸಾಮಾನು. ಹಳೇ ಎಂಜಿನ್ನಲ್ಲಿ ಇದನ್ನ ಬೆಲ್ಟು ತಿರುಗಿಸ್ತದೆ. ಪಂಪಿಗೂ ಎಂಜಿನ್ನಿಗೂ ನಡುವೆ ತೆಳ್ಳಗೆ ಒಂದು ಪ್ಯಾಕಿಂಗು. ಆ ಪ್ಯಾಕಿಂಗನ್ನ ಎಲ್ಲಾ ಕಡೆ ಸಮವಾಗಿ ಅದುಮಿ ಹಿಡಿಯೋದೇ ಬೋಲ್ಟಿನ ಕೆಲ್ಸ.

ನಾನು ಕಲ್ತಿದ್ದನ್ನ ನಿಮಗೂ ಹೇಳ್ತೀನಿ. "13ರ ಬೋಲ್ಟು" ಅನ್ನೋ ಬೋಲ್ಟೇ ಇಲ್ಲ. 13 ಅನ್ನೋದು ತಲೆಯ ಅಗಲ, ಸ್ಪ್ಯಾನರಿನ ಅಳತೆ. ಬೋಲ್ಟಿನ ಅಳತೆ ಅಂದ್ರೆ ಕಾಂಡದ ದಪ್ಪ. 13ರ ಸ್ಪ್ಯಾನರ್ ಸಾಮಾನ್ಯವಾಗಿ 8 ಮಿಲಿಮೀಟರ್ ಬೋಲ್ಟಿಗೆ, 10ರದ್ದು 6 ಮಿಲಿಮೀಟರಿಗೆ, 17ರದ್ದು 10 ಮಿಲಿಮೀಟರಿಗೆ. ಉದ್ದ ಅಳೆಯುವಾಗ ತಲೆ ಬಿಟ್ಟು, ತಲೆಯ ಕೆಳಗಿನಿಂದ ತುದಿವರೆಗೆ ಅಳೀಬೇಕು. ನಾನು ಬ್ಲೌಸಿನ ಟೇಪಲ್ಲೇ ಅಳೀತೀನಿ.

ಆಮೇಲೆ ತಿರುಪು. ನಮ್ಮ ಅಜ್ಜಿ ಕಾಲದಲ್ಲಿ ಸೇರು, ಪಾವು, ಚಟಾಕು ಇತ್ತು. 1956ರಲ್ಲಿ ಕಾನೂನು ಬಂದ ಮೇಲೆ ನಿಧಾನಕ್ಕೆ ಕಿಲೋ, ಲೀಟರ್ ಆಯ್ತು. ಆದ್ರೂ ಅಕ್ಕಿ ಅಳೆಯೋಕೆ ಇವತ್ತೂ ನಮ್ಮ ಅಡುಗೆಮನೇಲಿ ಪಾವೇ ಅಲ್ವಾ? ಎಂಜಿನ್ನಿನ ಕಥೇನೂ ಅದೇ. ಟಾಟಾದವ್ರು 1954ರಲ್ಲಿ ಜರ್ಮನಿಯ ಬೆಂಜ್ ಜೊತೆ ಸೇರಿ ಲಾರಿ ಮಾಡೋಕೆ ಶುರು ಮಾಡಿದ್ರು, ಆ ದೇಶದ್ದು ಮಿಲಿಮೀಟರ್ ಲೆಕ್ಕ. ಅಶೋಕ್ ಲೇಲ್ಯಾಂಡ್ 1955ರಿಂದ ಇಂಗ್ಲೆಂಡಿನ ಲೇಲ್ಯಾಂಡ್ ಜೊತೆ ಸೇರಿದ ಕಂಪನಿ, ಆ ಕಾಲದ ಇಂಗ್ಲೆಂಡಿನದು ಇಂಚಿನ ಲೆಕ್ಕ. ಅದಕ್ಕೇ ತುಂಬ ಹಳೇ ಎಂಜಿನ್ನಲ್ಲಿ ಎರಡು ತರದ ತಿರುಪೂ ಸಿಗಬಹುದು. ನಡುವೆ ಯಾರಾದ್ರೂ ತೂತನ್ನ ಕೊರೆದು ದೊಡ್ಡದು ಮಾಡಿಸಿದ್ರೆ ಮೂರನೇ ತರದ್ದೂ ಇರಬಹುದು.

ಇದ್ರಲ್ಲಿ ಒಂದು ಮೋಸ ಅದೆ. ಇಂಚನ್ನ ಹದಿನಾರು ಪಾಲು ಮಾಡಿ ಐದು ಪಾಲು ತಕಂಡ್ರೆ 7.94 ಮಿಲಿಮೀಟರ್. 8 ಮಿಲಿಮೀಟರ್ ಬೋಲ್ಟಿನ ಪಕ್ಕ ಇಟ್ರೆ ಅವಳಿಜವಳಿ ಇದ್ದಂಗೆ ಕಾಣ್ತದೆ. ತೂತಕ್ಕೆ ಇಟ್ಟು ಕೈಲಿ ತಿರುಗಿಸಿದ್ರೆ ಒಂದೆರಡು ಸುತ್ತು ಹೋಯ್ತದೆ, ಆಮೇಲೆ ಬಿಗಿ. ಆಗ ಸ್ಪ್ಯಾನರ್ ಹಾಕಿ ಜಗ್ಗಿದ್ರೆ ಎಂಜಿನ್ನಿನ ತಿರುಪೇ ಕಿತ್ತೋಯ್ತದೆ. ಟೇಪಿಟ್ಟು ಎಣಿಸಿ ನೋಡಿ: 8 ಮಿಲಿಮೀಟರಿನ ಸಾಮಾನ್ಯ ಬೋಲ್ಟಿಗೆ ಒಂದು ಸೆಂಟಿಮೀಟರಲ್ಲಿ ಎಂಟು ಸುತ್ತು ಬತ್ತದೆ, ಒಂದು ಇಂಚಿಗೆ ಇಪ್ಪತ್ತು. ಇಂಚಿನ ಲೆಕ್ಕದ ದಪ್ಪ ತಿರುಪಿಗೆ ಇಂಚಿಗೆ ಹದಿನೆಂಟು. ಮಗ್ಗಿ ಬಂದ್ರೆ ಸಾಕು, ಇಂಜಿನಿಯರಿಂಗ್ ಓದಬೇಕಾಗಿಲ್ಲ. ಒಂದು ಮಾತು ನೆನಪಿರ್ಲಿ, ಶುದ್ಧ ಮಾಡಿದ ತೂತಕ್ಕೆ ಸರಿಯಾದ ಬೋಲ್ಟು ಬರೀ ಬೆರಳಲ್ಲೇ ಮುಕ್ಕಾಲು ಪಾಲು ಒಳಗೆ ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ನಿಲ್ಲಿಸಬೇಕು.

ಉದ್ದ ನೋಡೋಕೆ ಕಡ್ಡಿಪೊರಕೆಯ ಒಂದು ಕಡ್ಡಿ ಸಾಕು. ಪಂಪನ್ನ ಜಾಗದಲ್ಲಿಟ್ಟು, ಬೋಲ್ಟಿನ ತೂತಕ್ಕೆ ಕಡ್ಡಿ ಬಿಡಿ, ತಳ ಮುಟ್ಟಿದಾಗ ಉಗುರಲ್ಲಿ ಗುರುತು ಮಾಡಿ. ಬೋಲ್ಟು ಅದಕ್ಕಿಂತ ಒಂದೆರಡು ಸುತ್ತು ಗಿಡ್ಡ ಇರ್ಬೇಕು. ತೀರಾ ಗಿಡ್ಡ ಇದ್ರೂ ತಪ್ಪು. 8 ಮಿಲಿಮೀಟರ್ ದಪ್ಪದ ಬೋಲ್ಟು ಎಂಜಿನ್ನಿನ ಒಳಗೆ 8 ಮಿಲಿಮೀಟರಾದ್ರೂ ಹಿಡೀಬೇಕು, 12 ಇದ್ರೆ ಒಳ್ಳೇದು. ಕೆಲವು ತೂತಕ್ಕೆ ತಳ ಇರಲ್ಲ, ನೇರ ನೀರಿರೋ ಕಡೆಗೆ ತೆರ್ಕಂಡಿರ್ತವೆ. ಅಂಥ ಬೋಲ್ಟಿನ ತಿರುಪಿಗೆ ಅಂಟು ಹಚ್ಚದಿದ್ರೆ ತಿರುಪಿನ ದಾರೀಲೇ ನೀರು ಜಿನುಗ್ತದೆ, ನಾವು ಪಂಪನ್ನ ಬೈತಾ ಕೂತಿರ್ತೀವಿ.

ಬೋಲ್ಟಿನ ತಲೆ ಮೇಲೆ 8.8, 10.9 ಅಂತ ಬರ್ದಿರ್ತದೆ, ಅದು ಅದರ ತಾಕತ್ತು. ಇಂಚಿನ ಕೆಲವು ಬೋಲ್ಟಿಗೆ ನಂಬರ್ ಬದಲು ಗೆರೆ ಇರ್ತವೆ: ಮೂರು ಗೆರೆ ಅಂದ್ರೆ ಒಂದು ದರ್ಜೆ, ಆರು ಗೆರೆ ಅಂದ್ರೆ ಅದಕ್ಕಿಂತ ಗಟ್ಟಿ. ಕಿತ್ತ ಬೋಲ್ಟಿನ ಮೇಲೆ ಏನಿತ್ತೋ ಅದೇ ತರ್ಬೇಕು. ಗೇಟಿಗೆ ಹಾಕೋ, ತಲೆ ಮೇಲೆ ಏನೂ ಬರೀದೇ ಇರೋ ಬೋಲ್ಟು ಎಂಜಿನ್ನಿಗೆ ಬ್ಯಾಡ.

ತುಕ್ಕು ಹಿಡಿದ ಬೋಲ್ಟು ಬಿಚ್ಚೋದಕ್ಕೆ ಅವಸರ ಕೂಡದು. ರಾತ್ರಿಯೇ ತುಕ್ಕು ಬಿಡಿಸೋ ಎಣ್ಣೆ ಬಿಟ್ಟಿರ್ಬೇಕು, ಬೆಳಿಗ್ಗೆ ಕೂದಲೆಳೆಯಷ್ಟು ಬಿಗಿ ಮಾಡಿ ಆಮೇಲೆ ಸಡಿಲ ಮಾಡ್ಬೇಕು, ಹಿಂದೆ ಮುಂದೆ ಆಡಿಸ್ತಾ ತೆಗೀಬೇಕು. ಒಂದೇ ಸಲ ಜಗ್ಗಿದ್ರೆ ತಲೆ ಕೈಗೆ ಬತ್ತದೆ, ಕಾಂಡ ಎಂಜಿನ್ನಲ್ಲೇ ಉಳೀತದೆ. ವಾಪಸ್ ಹಾಕುವಾಗ ಎಲ್ಲಾನೂ ಕೈಲಿ ಕೂರಿಸಿ, ಎದುರುಬದುರಾಗಿ ವಸಿ ವಸಿ ಬಿಗಿ ಮಾಡ್ತಾ ಬರ್ಬೇಕು. ಇನ್ನೊಂದು, ಪಂಪಿನ ಕೆಳಗೆ ಸಣ್ಣದೊಂದು ತೂತು ಇರ್ತದೆ. ಅಲ್ಲಿಂದ ನೀರು ತೊಟ್ಟಿಕ್ಕಿದ್ರೆ ಒಳಗಿನ ಸೀಲು ಹೋಗಿದೆ ಅಂತ ಅರ್ಥ. ಅಲ್ಲಿ ಬೋಲ್ಟು ಬಿಗಿ ಮಾಡಿ ಪ್ರಯೋಜನ ಇಲ್ಲ, ಆ ತೂತಕ್ಕೆ ಬಿರಡೆ ಹೊಡೆಯೋದಂತೂ ಮಹಾ ತಪ್ಪು.

ಈಗ ನನ್ನ ಅಭಿಪ್ರಾಯ. ಇದೆಲ್ಲ ಗಂಡಸರ ಕೆಲ್ಸ, ನಿಂಗ್ಯಾಕೆ ಅಂತ ನಮ್ಮತ್ತಿಗೇನೇ ಕೇಳಿದ್ರು. ಸ್ಪ್ಯಾನರ್ ಹಿಡೀಬೇಕು ಅಂತ ನಾನು ಹೇಳ್ತಾ ಇಲ್ಲ. ಆದ್ರೆ ಲಾರಿ ನಿಂತಾಗ ಓಲೆ ಬಿಚ್ಚಿಕೊಡೋರು ಯಾರು? ಸಂಘದ ಕಂತಿಗೆ ಉತ್ತರ ಹೇಳೋರು ಯಾರು? ನಷ್ಟದಲ್ಲಿ ನಮ್ಮ ಪಾಲಿದ್ರೆ, ಕೇಳೋದ್ರಲ್ಲೂ ನಮ್ಮ ಪಾಲು ಇರ್ಬೇಕು. ಹಾಲಿನ ಲೆಕ್ಕ, ಚೀಟಿ ಲೆಕ್ಕ ಇಡೋ ಕೈಗೆ ನಾಲ್ಕು ಬೋಲ್ಟಿನ ಲೆಕ್ಕ ಭಾರ ಆಗಲ್ಲ.

ಇನ್ನು ಕೆಲವರು ಹಳೇ ಲಾರಿ ಗುಜರಿಗೆ ಹಾಕಿ ಹೊಸದು ತಕಳಿ ಅಂತವ್ರೆ. ದುಡ್ಡಿರೋರಿಗೆ ಅದು ಸರಿಯೇ, ಹೊಗೆ ಕಮ್ಮಿ, ಕಾಟ ಕಮ್ಮಿ. ನಮ್ಮಂಥೋರಿಗೆ ಹೊಸ ಲಾರಿ ಅಂದ್ರೆ ತಿಂಗಳು ತಿಂಗಳು ಕಂತು, ಬಾಡಿಗೆ ಇರ್ಲಿ ಇಲ್ದಿರ್ಲಿ. ವರ್ಷ ವರ್ಷ ಎಫ್‌ಸಿ ಪಾಸಾಗೋ ಅಷ್ಟು ದಿನ ಹಳೇದನ್ನ ಸರಿಯಾಗಿ ನೋಡ್ಕಂಡು ಓಡಿಸೋದೇ ಬುದ್ಧಿವಂತಿಕೆ. ಹೊಸದಕ್ಕೂ ಬೋಲ್ಟಿರ್ತವೆ ತಾನೇ.

ಮೇಸ್ತ್ರಿನ ಬೈಯೋದೂ ನಂಗೆ ಸರಿ ಕಾಣಲ್ಲ. "ರಾತ್ರಿಗೆ ಲೋಡಿದೆ, ಬ್ಯಾಗ ಮುಗ್ಸಪ್ಪ" ಅಂತ ಅವಸರ ಮಾಡಿದ್ದು ನಾವೇ. ಕೂಲೀಲಿ ಚೌಕಾಸಿ ಮಾಡಿದ್ದೂ ನಾವೇ. ಅಳೆದು ನೋಡೋಕೆ ಹೊತ್ತು ಕೊಟ್ಟೋರಲ್ಲ ನಾವು. ಕೇಳೋದನ್ನ ಮರ್ಯಾದೆಯಾಗಿ ಕೇಳಿದ್ರೆ ಯಾವ ಒಳ್ಳೇ ಮೇಸ್ತ್ರೀನೂ ಬೇಜಾರು ಮಾಡ್ಕಳಲ್ಲ. ಆ ಹಿರಿಯರು ಖುಷಿಯಾಗೇ ತೋರಿಸಿಕೊಟ್ರಲ್ಲ.

ಈಗ ನಮ್ಮನೇಲಿ ಮಾಡ್ತಿರೋದು ಇಷ್ಟು. ಸ್ವೀಟ್ ಬಾಕ್ಸಿನ ರಟ್ಟಿನ ಮೇಲೆ ಪಂಪಿನ ಆಕಾರ ಬರ್ದು, ರಂಗೋಲಿ ಚುಕ್ಕಿ ಇಟ್ಟಂಗೆ ಬೋಲ್ಟಿನ ಜಾಗಕ್ಕೆಲ್ಲ ತೂತು ಮಾಡಿ ಕೊಟ್ಟಿದ್ದೀನಿ. ಬಿಚ್ಚಿದ ಬೋಲ್ಟನ್ನ ಅದರದರ ತೂತಕ್ಕೆ ಸಿಕ್ಕಿಸಿ ಇಡ್ತಾರೆ, ಒಂದೂ ಕಳೆಯಲ್ಲ, ಅದಲುಬದಲೂ ಆಗಲ್ಲ. ಅಂಗಡಿಗೆ ಹೋಗುವಾಗ ಹಳೇ ಬೋಲ್ಟು ಕೈಲೇ ಇರ್ಬೇಕು. ಹಾಲಿನ ಪುಸ್ತಕದ ಹಿಂದುಗಡೆ ದಪ್ಪ, ಉದ್ದ, ಸುತ್ತು, ತಲೆ ಮೇಲಿನ ನಂಬರು, ಹಾಕಿದ ತಾರೀಕು ಬರ್ದಿದ್ದೀನಿ.

ಓಲೆ ಇನ್ನೂ ಬಿಡಿಸ್ಕಂಡಿಲ್ಲ. ಈ ಹೊಗೆಸೊಪ್ಪಿನ ಹರಾಜು ಮುಗಿಯೋ ಹೊತ್ಗೆ ಬಿಡಿಸ್ತೀನಿ ಅಂತವ್ರೆ ನಮ್ಮೆಜಮಾನ್ರು. ನೋಡವ. ನಿಮ್ಮನೇಲಿ ಲಾರಿ, ಟ್ರ್ಯಾಕ್ಟರ್ ಇದ್ರೆ ಇವತ್ತೇ ಒಂದು ರಟ್ಟು ಎತ್ತಿಡಿ. ಉಪ್ಪಿನಕಾಯಿ ಮುಂದಿನ ಸಲ, ಖಂಡಿತ.