ನೀರನ್ನೂ ಪರೀಕ್ಷೆಗೆ ಕೂರಿಸೋಣ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನರಗುಂದದಿಂದ ಮನೆಗೆ ಬಂದಿದ್ದ. ಕಡಲೆ ಮಾರಿದ ಹಣದಲ್ಲಿ ಸಾವಿರಾರು ರೂಪಾಯಿ ತೆತ್ತು, ನೀರಿಗೆ ಜಲಜನಕ ಬೆರೆಸುವ ಬಾಟಲಿಯೊಂದನ್ನು ಕೊಂಡಿದ್ದಾನೆ. “ಸರ, ಈ ನೀರು ಕುಡದ್ರ ವೈರಸ್ಸಿನ ಜ್ವರ, ಕೆಮ್ಮು ಲಗೂನ ಇಳೀತಾವಂತ. ಅಪ್ಪಗ ಇದನ್ನ ಕುಡಸಾಕತ್ತೀನ್ರಿ” ಎಂದ. ತಂದೆಯವರ ಉಬ್ಬಸಕ್ಕೆ ವೈದ್ಯರು ಕೊಟ್ಟ ಔಷಧಿ ಏನಾಯಿತೆಂದು ಕೇಳಿದೆ. “ಸದ್ಯ ಬಂದ್ ಮಾಡೀವ್ರಿ” ಎಂದ. ಆ ಒಂದು ಮಾತು ನನ್ನಿಂದ ಈ ಲೇಖನವನ್ನು ಬರೆಸುತ್ತಿದೆ.

ಜಲಜನಕದ ವಿಚಾರವೇ ಪೊಳ್ಳೆಂದು ನಾನು ಹೇಳಲಾರೆ. 2007ರಲ್ಲಿ ಜಪಾನಿನ ವಿಜ್ಞಾನಿಗಳು, ಇಲಿಗಳ ಮಿದುಳಿಗೆ ರಕ್ತ ನಿಂತಾಗ ಆಗುವ ಹಾನಿಯನ್ನು ಜಲಜನಕ ಅನಿಲವು ತಗ್ಗಿಸುವುದೆಂದು ತೋರಿಸಿದ್ದರು. ಆದರೆ ಇಲಿಯ ಮಿದುಳಿನಿಂದ ಮನುಷ್ಯನ ಶ್ವಾಸಕೋಶದವರೆಗಿನ ದಾರಿ ಬಹು ದೀರ್ಘವಾದುದು.

“ಕುಡಿದವರಿಗೆ ವಾಸಿಯಾಗಿದೆಯಲ್ಲ?” ಎಂದು ನೀವು ಕೇಳಬಹುದು. ನೆಗಡಿ, ಜ್ವರ ಹೆಚ್ಚಿನವರಿಗೆ ವಾರದಲ್ಲಿ ತಾವಾಗಿಯೇ ಇಳಿಯುತ್ತವೆ. ಆ ವಾರ ಏನನ್ನು ಕುಡಿದರೂ ಅದಕ್ಕೇ ಕೀರ್ತಿ ಸಲ್ಲುತ್ತದೆ. ಆದ್ದರಿಂದಲೇ ಪರೀಕ್ಷೆ ಬೇಕು. ಚೀಟಿ ಎತ್ತಿ ರೋಗಿಗಳನ್ನು ಎರಡು ಗುಂಪು ಮಾಡಬೇಕು; ಒಂದಕ್ಕೆ ಜಲಜನಕದ ನೀರು, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಬೇರೆ ನೀರು. ಯಾರಿಗೆ ಯಾವುದೆಂದು ರೋಗಿಗೂ ವೈದ್ಯರಿಗೂ ತಿಳಿದಿರಬಾರದು. ಜಲಜನಕಕ್ಕೆ ಬಣ್ಣ, ರುಚಿ, ವಾಸನೆ ಒಂದೂ ಇಲ್ಲವಾದ್ದರಿಂದ ಇಂಥ ಪರೀಕ್ಷೆ ಕಠಿಣವೂ ಅಲ್ಲ.

ಫ್ರಾನ್ಸಿನ ವೈದ್ಯರು 2021-22ರಲ್ಲಿ ಇದನ್ನೇ ಮಾಡಿದರು. ಮನೆಯಲ್ಲಿಯೇ ಇದ್ದ, ಅಪಾಯ ಹೆಚ್ಚಿದ್ದ 600ಕ್ಕೂ ಮಿಕ್ಕಿದ ಕೋವಿಡ್ ರೋಗಿಗಳು ಅದರಲ್ಲಿದ್ದರು. ಜಲಜನಕದ ನೀರು ಕುಡಿದವರಲ್ಲಿ ರೋಗ ಉಲ್ಬಣಿಸುವುದು ಕಡಿಮೆಯಾಗಲಿಲ್ಲ. ಮಾರುವವರು ಈ ಫಲಿತಾಂಶವನ್ನು ನಿಮಗೆ ಹೇಳಿದರೇನು?

ಇನ್ನು ನಮ್ಮೂರ ನೀರಿನ ಮಾತು. ಸಾಮಾನ್ಯ ಒತ್ತಡದಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗುವ ಜಲಜನಕ ಸುಮಾರು 1.6 ಮಿಲಿಗ್ರಾಂ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಮೀರಬಾರದ ಮಿತಿ 1.5 ಮಿಲಿಗ್ರಾಂ. ಮೊದಲನೆಯದರ ಗುಣ ಸಿದ್ಧವಾಗಿಲ್ಲ. ಎರಡನೆಯದರ ಕೇಡು ಎಂದೋ ಸಿದ್ಧವಾಗಿದೆ. ರೋಣ, ಗಜೇಂದ್ರಗಡದ ಕಡೆಯ ಎಷ್ಟೋ ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆಗಳನ್ನು ನಾನು ತರಗತಿಯಲ್ಲಿ ನಿಂತು ನೋಡಿದವನು. ಬಾಟಲಿಗೆ ಹಣ ಸುರಿಯುವ ನಾವು, ನಮ್ಮ ಕೊಳವೆಬಾವಿಯ ನೀರನ್ನು ಒಮ್ಮೆಯಾದರೂ ಪರೀಕ್ಷೆ ಮಾಡಿಸಿದ್ದೇವೆಯೇ?

ಶಾಲೆಯಲ್ಲಿ ಉತ್ತರ ಬರೆಯದವನಿಗೆ ನಾನು ಅಂಕ ಕೊಟ್ಟವನಲ್ಲ. ಈ ಬಾಟಲಿಗೂ ಕೊಡಲಾರೆ. ನೀರು ಕುಡಿಯಿರಿ, ಬೇಡವೆನ್ನುವುದಿಲ್ಲ. ವೈದ್ಯರ ಔಷಧಿಯನ್ನು ಮಾತ್ರ ನಿಲ್ಲಿಸಬೇಡಿ. ಆ ಹುಡುಗನಿಗೂ ಅದನ್ನೇ ಹೇಳಿ, ಅಂದೇ ವೈದ್ಯರಲ್ಲಿಗೆ ಕಳುಹಿಸಿದೆ.

ಇಂತು,
ನಿಮ್ಮ ಮಾಸ್ತರ