ತೆರೆಯದ ಬಾಗಿಲು

ವಿಜಯನಗರದ ನಮ್ಮ ಮನೆಗೆ ವಿದ್ಯಾರ್ಥಿಯೊಬ್ಬ ತನ್ನ ಕಥೆಯನ್ನು ತಂದಿದ್ದ. ತೀರಿಕೊಂಡ ತಂದೆಯ ಮಗ್ಗದ ಕೋಣೆ ಅದರಲ್ಲಿ ಎರಡು ಸಲ ಬರುತ್ತದೆ. ಬೀಗ ಮಾತ್ರ ತೆಗೆಯುವುದೇ ಇಲ್ಲ. ಗೋಡೆಯ ಮೇಲೆ ಕೋವಿ ತೂಗಿಸಿದರೆ ಅದು ಹಾರಲೇಬೇಕೆಂಬ ಚೆಕಾವನ ವಿಧಿಯನ್ನು ನೆನೆದು ಆ ಸಾಲುಗಳನ್ನು ಹೊಡೆದುಹಾಕಿದೆ. ದುಡುಕಿದೆನೆಂದು ಈಗ ತೋರುತ್ತದೆ.

ಮಾಸ್ತಿಯವರ ‘ಮೊಸರಿನ ಮಂಗಮ್ಮ’ನನ್ನು ವಾಚಕರು ಬಲ್ಲರು. ಮಗ ಸೊಸೆಯರಿಂದ ಬೇರೆಯಾದವಳು ತನಗೊಂದು ಮಖಮಲ್ಲಿನ ರವಿಕೆ ಮಾಡಿಸಿಕೊಳ್ಳುತ್ತಾಳೆ. ಅವಳ ಹಟ, ಒಂಟಿತನ, ಈ ವಯಸ್ಸಿನಲ್ಲೂ ಉಳಿದ ಆಸೆ, ಎಲ್ಲವೂ ಆ ಒಂದು ಬಟ್ಟೆಯಲ್ಲಿವೆ. ಅದು ಕೋವಿಯಂತೆ ಸಿಡಿಯಬೇಕಾಗಿಲ್ಲ.

ವಿವರಕ್ಕೆ ಕೆಲಸವಿರಬೇಕು, ನಿಜ. ಆ ಕೆಲಸವೆಂದರೆ ಘಟನೆಯನ್ನು ಮುನ್ನಡೆಸುವುದಷ್ಟೇ ಎಂದುಕೊಳ್ಳುವುದು ನಮ್ಮಂಥ ಮೇಷ್ಟರ ರೋಗ. ಆ ಮನೆಯವರ ದುಃಖವೆಲ್ಲ ಬೀಗದ ಹಿಂದೆಯೇ ಇತ್ತು. ಹುಡುಗ ಎದುರಾಡದೆ ಹಾಳೆಗಳನ್ನು ಮಡಿಚಿಕೊಂಡು ಹೋದ. ಬರುವ ಭಾನುವಾರ ಕಥೆಯನ್ನು ಮತ್ತೆ ತರಹೇಳಿದ್ದೇನೆ.